ಹನ್ನೊಂದನೆಯ ಕಂಬ

ಹೋದ ತಿಂಗಳು ಜಮಖಂಡಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಮುಧೋಳ ಇನ್ನೂ ದೂರವಿರುವಾಗಲೇ ಕಿಟಕಿಯಿಂದ ಕಾಕಂಬಿಯ ವಾಸನೆ ಒಳಗೆ ನುಗ್ಗಿತು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಾರ್ಖಾನೆ ಚಾಲೂ ಆಗಿರಬೇಕು ಎಂದಳು. ಹೌದು ಎಂದೆ. ವಾಸನೆ ಬಂದರೆ ಬಾಲ್ಯ ನೆನಪಾಗುತ್ತದೆ, ಅವ್ವನ ಕೈಯಡುಗೆ ನೆನಪಾಗುತ್ತದೆ ಎಂದು ಬರೆಯುವವರನ್ನು ಓದಿದ್ದೇನೆ. ಅವರ ಪುಣ್ಯ. ನನಗೆ ಒಂದು ಬಾರ್ ಚಾರ್ಟ್ ನೆನಪಾಗುತ್ತದೆ. ಹನ್ನೊಂದು ಕಂಬಗಳ ಚಾರ್ಟ್. ಹತ್ತು ಕಂಬಗಳ ಕೆಳಗೆ ಒಂದೊಂದು ಊರಿನ ಹೆಸರು, ಹನ್ನೊಂದನೆಯದರ ಕೆಳಗೆ 'ಇತರೆ'. ಅದನ್ನು ಮಾಡಿದವಳು ನಾನು. ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ ಓದುವವರು 'ಓಹೋ ಅದೋ, ಅಲ್ಲಿಯವರೇ ಹಾಗೆ' ಎಂದು ನಿರಾಳವಾಗಿ ಪುಟ ತಿರುಗಿಸುತ್ತಾರೆ. ಯಾರನ್ನೂ ನಿರಾಳ ಮಾಡಲು ನಾನಿದನ್ನು ಬರೆಯುತ್ತಿಲ್ಲ.

ಆ ವರ್ಷ ನಾನು ಬಿ.ಸಿ.ಎ. ಮುಗಿಸಿದ್ದೆ. ಅಪ್ಪ ಜಮಖಂಡಿಯಲ್ಲಿ ಸರಕಾರಿ ಗುಮಾಸ್ತ. ನಮ್ಮ ಮನೆಯ ಶೋಕೇಸಿನಲ್ಲಿ ದೇವರ ಫೋಟೋಗಳಿಗಿಂತ ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳೇ ಹೆಚ್ಚಿದ್ದವು. ಒಮ್ಮೆ ಬನಹಟ್ಟಿಯಲ್ಲಿ, ನೇಕಾರರ ಮಕ್ಕಳೇ ತುಂಬಿದ್ದ ಸಭೆಯಲ್ಲಿ, ಕೈಮಗ್ಗ ಉಳಿಯಲೇಬೇಕು ಎಂದು ಬೆಳಿಗ್ಗೆ ವಾದಿಸಿದ್ದೆ. ಮಧ್ಯಾಹ್ನ ಎದುರು ಪಕ್ಷದ ಹುಡುಗ ಬರಲಿಲ್ಲವೆಂದು ಅವನ ಜಾಗದಲ್ಲಿ ನಿಂತು ಕೈಮಗ್ಗ ಹೋಗಲಿ ಬಿಡಿ ಎಂದೂ ವಾದಿಸಿದೆ. ಎರಡಕ್ಕೂ ಚಪ್ಪಾಳೆ ಬಿತ್ತು. ಇದನ್ನು ಆಗ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಮೊದಲು ಪದದ ಅರ್ಥ ಹಿಡಿ, ಎದುರಿನವರ ಬಾಯಿಂದ ಒಂದು ಮಾತು ಒಪ್ಪಿಸು, ಆಮೇಲೆ ಅದೇ ಮಾತಿನಿಂದ ಅವರನ್ನು ಕಟ್ಟಿಹಾಕು: ಇಷ್ಟೇ ವಿದ್ಯೆ. ಇದು ಸತ್ಯ ಹುಡುಕುವ ದಾರಿ ಎಂದು ನಂಬಿದ್ದೆ.

ಅಂಥವಳಿಗೆ ಕೆಲಸ ಸಿಕ್ಕಿದ್ದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ, ಕಬ್ಬು ನುರಿಸುವ ಒಂದು ಹಂಗಾಮಿನ ಮಟ್ಟಿಗೆ.

ನಮ್ಮ ಕಡೆ ಕಬ್ಬು ಕಡಿಯಲು ಹೊರಗಿನಿಂದ ಗ್ಯಾಂಗುಗಳು ಬರುತ್ತವೆ. ಗಂಡ, ಹೆಂಡತಿ, ಎತ್ತು, ಪಾತ್ರೆ ಸಮೇತ ಬಂದು ಕಾರ್ಖಾನೆ ಹೇಳಿದ ಊರಿನಲ್ಲಿ ಗುಡಿಸಲು ಹಾಕಿ ಕಡಿಯುತ್ತಾರೆ. ಇವತ್ತು ಯಾವ ಗ್ಯಾಂಗು ಯಾವ ಊರಿಗೆ ಎಂಬುದು ಬೆಳಗಿನ ಸಭೆಯಲ್ಲಿ ತೀರ್ಮಾನವಾಗುತ್ತದೆ. ಅದರ ಹಿಂದಿನ ವರ್ಷದವರೆಗೆ ಇದನ್ನು ಹಣಮಂತಪ್ಪ ಎಂಬ ಹಿರಿಯ ಗುಮಾಸ್ತರು ಒಂದು ಉದ್ದನೆಯ ರಜಿಸ್ಟರು ಹಿಡಿದುಕೊಂಡು ಹೇಳುತ್ತಿದ್ದರಂತೆ. ಅವರು ನಿವೃತ್ತರಾದರು. ಅವರ ಜಾಗಕ್ಕೆ ಗೋಡೆಯ ಮೇಲೆ ಒಂದು ದೊಡ್ಡ ಟಿ.ವಿ. ಬಂತು. ಟಿ.ವಿ.ಯೊಳಗೆ ಡ್ಯಾಶ್‌ಬೋರ್ಡ್. ಅದನ್ನು ದಿನಾ ಬೆಳಿಗ್ಗೆ ಸಿದ್ಧ ಮಾಡುವವಳು ನಾನು.

ಪುಣೆಯಿಂದ ಒಬ್ಬ ಸಲಹೆಗಾರ ಎರಡು ದಿನ ಬಂದು ಕಲಿಸಿ ಹೋದ. ಒಂದು ಚಾರ್ಟಿನಲ್ಲಿ ಹತ್ತಕ್ಕಿಂತ ಹೆಚ್ಚು ಕಂಬ ಇರಬಾರದು, ದೊಡ್ಡ ಹತ್ತನ್ನು ತೋರಿಸಿ, ಉಳಿದವನ್ನೆಲ್ಲ ಕೂಡಿಸಿ ಒಂದೇ ಕಂಬ ಮಾಡಿ ಎಂದ. ನಿಯಮ ಮೂರ್ಖತನದ್ದಲ್ಲ, ನ್ಯಾಯವಾಗಿಯೇ ಹೇಳುತ್ತೇನೆ. ನಮ್ಮ ಕಾರ್ಖಾನೆಗೆ ಕಬ್ಬು ಕೊಡುವ ಊರುಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಚಾರ್ಟು ಬಾಚಣಿಗೆಯ ಹಲ್ಲಿನಂತೆ ಕಾಣುತ್ತಿತ್ತು. ಯಾವ ಊರು ಯಾವುದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ಉಳಿಸಿ ಮಿಕ್ಕಿದ್ದನ್ನು 'ಇತರೆ'ಗೆ ತಳ್ಳಿದೆ. ಊರಿನಲ್ಲಿ ಎಷ್ಟು ಕಬ್ಬೋ ಕಂಬ ಅಷ್ಟು ಎತ್ತರ; ಕಟಾವು ಸರಿಯಾಗಿ ನಡೆದಿದ್ದರೆ ಹಸಿರು, ಕೊಂಚ ಕಡಿಮೆಯಾದರೆ ಹಳದಿ, ಹಿಂದೆ ಬಿದ್ದಿದ್ದರೆ ಕೆಂಪು. ನಾವೆಲ್ಲ ಕೇನ್ ಸಾಹೇಬರು ಎನ್ನುತ್ತಿದ್ದ ಕಬ್ಬು ಅಧಿಕಾರಿ ಟಿ.ವಿ. ನೋಡಿ, "ಹಾಂ, ಈಗ ನೋಡ್ರಿ ಮೇಡಮ್, ಕಣ್ಣಿಗೆ ತಂಪಾತು" ಅಂದರು. ನನಗೂ ಖುಷಿಯಾಯಿತು. ಅವತ್ತು ಖುಷಿಪಟ್ಟದ್ದನ್ನು ಮುಚ್ಚಿಡಲಾರೆ.

ಹಂಗಾಮು ಶುರುವಾಗಿ ಒಂದೂವರೆ ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಕಾಶವ್ವ ಬಂದಳು. ಐವತ್ತು ದಾಟಿದ ಹೆಂಗಸು. ಬಸ್ಸಿನ ಟಿಕೇಟನ್ನು ಸಣ್ಣಗೆ ಮಡಚಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಿದ್ದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಸೀದಾ ನನ್ನ ಟೇಬಲ್ಲಿಗೆ ಬಂದಳು.

"ಸಾಹೇಬ್ರು ಎಲ್ಲಿ?"

"ಫೀಲ್ಡಿಗೆ ಹೋಗ್ಯಾರ. ಏನ್ ಕೆಲಸಿತ್ತು?"

"ನಮಗ ಗ್ಯಾಂಗ್ ಬೇಕಾಗೇತಿ ತಂಗಿ. ಕಬ್ಬಿಗೆ ಹದಿನೈದು ತಿಂಗಳಾತು. ಸುತ್ತಲಿನವರದೆಲ್ಲಾ ಕಡದ ಒಯ್ದಾರ. ನಮ್ಮದು ಒಂದ ಗಣಿಕಿ ಅಲಗಿಲ್ಲ."

"ಯಾವ ಊರು?"

"ಹೊಳಿ ಓಣಿ."

"ಓಣಿ ಕೇಳಲಿಲ್ಲ ನಾ. ಊರು ಕೇಳಿದೆ."

"ಊರು ಸಂಕಬಾಳ. ನೀರಾಗ ಐತಿ."

ಹಿಂದೆ ಕೂತಿದ್ದ ಇಬ್ಬರು ಗುಮಾಸ್ತರು ನಕ್ಕರು. ನಾನು ಪಟ್ಟಿಯಲ್ಲಿ ಹುಡುಕಿದೆ. ಸಂಕಬಾಳ ಎಂಬ ಊರೇ ಇರಲಿಲ್ಲ. ಆದರೆ ಆಶ್ಚರ್ಯವೆಂದರೆ 'ಹೊಳಿ ಓಣಿ' ಇತ್ತು, ಊರಿನ ಕಾಲಮ್ಮಿನಲ್ಲೇ ಇತ್ತು. ಸಣ್ಣ ಲೆಕ್ಕ. 'ಇತರೆ'ಯಲ್ಲಿ ಸೇರಿತ್ತು. 'ಇತರೆ' ಹಸಿರಾಗಿತ್ತು.

"ನಿಮ್ಮ ಗುಂಪಿನ ಕಬ್ಬು ಮುಕ್ಕಾಲು ಪಾಲು ಕಡದ ಆಗೇತ್ರಿ" ಅಂದೆ.

"ಯಾರ ಗುಂಪು?"

"ಸಣ್ಣ ಸಣ್ಣ ಊರೆಲ್ಲಾ ಕೂಡಿಸಿ ಒಂದು ಗುಂಪು ಮಾಡೇವಿ."

"ನಮ್ಮನ್ನ ಯಾರ ಜೋಡಿ ಕೂಡಿಸಿದಿ? ನಾವೇನ್ ಕೂಡ್ತೇವಿ ಅಂದಿದ್ವೇನು?"

"ಲೆಕ್ಕದಾಗ ಕೂಡಸ್ತಾರವ್ವ."

"ಲೆಕ್ಕದಾಗ ಕಡದ ಕಬ್ಬು ಹೊಲದಾಗ ಯಾಕ ನಿಂತೈತಿ ಹಂಗಾರ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಹೊಳಿ ಓಣಿಯ ಸಾಲನ್ನೊಮ್ಮೆ ತೆರೆದು ನೋಡಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಒಂದೇ ಕ್ಲಿಕ್ಕಿನ ಕೆಲಸ. ಆದರೆ ನನ್ನ ಎದುರಿಗೆ ಒಂದು ವಾದ ನಿಂತಿತ್ತು, ಹಿಂದೆ ಕೇಳುವವರಿದ್ದರು. ವಿದ್ಯೆ ತೆಗೆದೆ.

"ನೋಡ್ರಿ, ಮೊದಲ ಒಂದು ಮಾತು ಹೇಳ್ರಿ. ಸಂಕಬಾಳ ಅನ್ನೂ ಊರು ಈಗ ಐತೋ, ಇಲ್ಲೋ?"

"ಐತಿ."

"ಎಲ್ಲೈತಿ?"

"ಹೇಳಿದ್ನಲ್ಲ. ನೀರಾಗ."

"ನೀರಾಗಿನ ಊರಾಗ ಕಬ್ಬು ಬೆಳೀತಾವೇನ್ರಿ?"

ಗುಮಾಸ್ತರು ಈ ಸಲ ಟೇಬಲ್ ಬಡಿದು ನಕ್ಕರು. ಕಾಶವ್ವ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಛಲೋ ಮಾತಾಡ್ತಿ ಬೇ. ಮಾತು ಗೆದ್ದಿ. ಕಡಿಯವರು ಯಾವಾಗ ಬರ್ತಾರ ಹೇಳು" ಅಂದಳು. ನಾನು ಸಾಹೇಬರನ್ನು ಕೇಳಿ ಎಂದೆ. ಅವಳು ಹೋದಳು.

ಮುಂದಿನ ವಾರ ಮತ್ತೆ ಬಂದಳು, ಕೈಯಲ್ಲಿ ಒಂದು ಕಬ್ಬು. ತುದಿಯಲ್ಲಿ ಬಿಳಿ ಹೂವಿತ್ತು. ಕಡಿಯುವ ಹೊತ್ತು ಮೀರಿದ ಕಬ್ಬು ಹೂ ಬಿಡುತ್ತದೆ, ಒಳಗಿನ ರಸ ಬತ್ತುತ್ತ ಹೋಗುತ್ತದೆ ಎಂಬುದು ಜಮಖಂಡಿಯ ಪೇಟೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಅವಳು ಅದನ್ನು ಕೀಬೋರ್ಡಿನ ಮೇಲೆ ಅಡ್ಡ ಇಟ್ಟಳು.

"ಮುರಿ."

ಮುರಿದೆ. ಲಟಕ್ಕನೆ ಮುರಿಯಬೇಕಾದದ್ದು ಹತ್ತಿಯಂತೆ ಬಾಗಿ ಹರಿಯಿತು. ಒಳಗೆ ಬಿಳಿ ಬೆಂಡು.

"ತಿನ್ನು."

"ಬ್ಯಾಡ್ರಿ."

"ತಿನ್ನವ್ವ. ಮುಕ್ಕಾಲು ಪಾಲು ಕಡದ ಆಗೇತಿ ಅಂದಿ, ಉಳದ ಪಾವು ಪಾಲಿನ ರುಚಿ ಹೆಂಗೈತಿ ಹೇಳು."

ಜಗಿದೆ. ಒಣ ಜೊಂಡು ಜಗಿದ ಹಾಗಾಯಿತು. ಉಗುಳಲು ಹೊರಗೆ ಹೋಗಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಕಬ್ಬು ಟೇಬಲ್ಲಿನ ಮೇಲೇ ಇತ್ತು.

ಆಗ 'ಇತರೆ'ಯನ್ನು ಬಿಚ್ಚಿದೆ. ಕಟಾವಿನ ಲೆಕ್ಕದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿದೆ. ಮೇಲೆ ಕಾರ್ಖಾನೆಯ ಸುತ್ತಮುತ್ತಲಿನ ಹಳ್ಳಿಗಳು. ಅವರದು ಪೂರ್ತಿ ಕಡಿದಾಗಿತ್ತು. ಕೆಳಗಿಳಿಯುತ್ತ ಹೋದೆ. ತಳದಲ್ಲಿ ಐದು ಹೆಸರು: ಹೊಳಿ ಓಣಿ, ಅಗಸಿ ಓಣಿ, ಗೌಡರ ಓಣಿ, ನಡುವಿನ ಓಣಿ, ಮ್ಯಾಲಿನ ಓಣಿ. ಐದರ ಮುಂದೆಯೂ ಸೊನ್ನೆ. ಕಡಿಮೆ ಅಲ್ಲ, ಹಿಂದೆ ಬಿದ್ದದ್ದಲ್ಲ, ಸೊನ್ನೆ. ಹತ್ತಿರದವರ ತುಂಬಿದ ಲೆಕ್ಕಕ್ಕೆ ಈ ಸೊನ್ನೆಗಳನ್ನು ಬೆರೆಸಿ ಸರಾಸರಿ ತೆಗೆದರೆ ಹಸಿರು ಬರುತ್ತಿತ್ತು. ದಿನಾ ಬೆಳಿಗ್ಗೆ ನಾನು ಅದನ್ನೇ ತೆಗೆದು ಗೋಡೆಗೆ ಹಾಕುತ್ತಿದ್ದೆ.

ಆ ಭಾಗದ ಕಬ್ಬು ನೋಂದಣಿ ಬರೆಯುತ್ತಿದ್ದ ಫೀಲ್ಡ್‌ಮನ್ ಮಲ್ಲಪ್ಪ, ರನ್ನ ಬೆಳಗಲಿಯವನು. ಅವನನ್ನು ಕರೆದು ಕೇಳಿದೆ: ಓಣಿಗಳನ್ನು ಊರಿನ ಕಾಲಮ್ಮಿನಲ್ಲಿ ಬರೆಯುತ್ತಾರೇನು?

"ಅವ್ರು ಹೇಳಿದ್ದ ಬರದೇನ್ರಿ ಮೇಡಮ್ಮರ. ಸಂಕಬಾಳ ಮುಳುಗಡಿ ಊರು. ಡ್ಯಾಮಿನ ಹಿನ್ನೀರು ಬಂದಾಗ ಅಲ್ಲಿ ಮಂದಿನ್ನ ಮೂರು ಪುನರ್ವಸತಿ ಕೇಂದ್ರಕ್ಕ ಹಂಚಿ ಹಾಕಿದ್ರು. ಆದ್ರ ಅವ್ರು ಕೇಂದ್ರದ ಹೆಸರು ಸತ್ರೂ ಹೇಳೂದಿಲ್ರಿ. ಯಾವ ಕೇಂದ್ರದಾಗಿದ್ರೂ ಹಳೇ ಓಣಿನ ಹೇಳೂದು. ಲಗ್ನದ ಪತ್ರಿಕಿ ಮ್ಯಾಲೂ ಓಣಿನ."

"ಊರಿನ ಹೆಸರರೆ ಹೇಳಬೇಕಲ್ಲ?"

"ಕೇಳೇನ್ರಿ. 'ನಮ್ಮೂರು ಯಾರಿಗೆ ಗೊತ್ತಿಲ್ಲೋ, ಓಣಿ ಬರಕೋ' ಅಂತಾರ."

"ಹಣಮಂತಪ್ಪನವರು ಇದ್ದಾಗ?"

"ಅವರಿಗೆ ಗೊತ್ತಿತ್ರಿ. ಓಣಿ ಅಂತ ಕಂಡ ಕೂಡ್ಲೆ ಐದೂ ಕೂಡಿಸಿ, ಬಾಜೂಕ ಕೆಂಪು ಪೆನ್ನಿಲೆ ಸಂಕಬಾಳ ಅಂತ ಬರದು, ಗ್ಯಾಂಗ್ ಹಾಕ್ತಿದ್ರು."

ಮುದುಕರೊಬ್ಬರು ಕೆಂಪು ಪೆನ್ನಿನಿಂದ ಮಾಡುತ್ತಿದ್ದ ಕೆಲಸ. ಅವರೂ ಗುಂಪು ಮಾಡುತ್ತಿದ್ದರು, ನಾನೂ ಗುಂಪು ಮಾಡಿದೆ. ಯಾರು ಯಾರ ಜೊತೆ ಸೇರಿದವರು ಎಂದು ಅವರು ನೋಡುತ್ತಿದ್ದರು. ಯಾರು ಎಷ್ಟು ಸಣ್ಣವರು ಎಂಬುದನ್ನಷ್ಟೇ ನಾನು ನೋಡಿದ್ದೆ.

ಮಲ್ಲಪ್ಪನ ಗಾಡಿಯ ಹಿಂದೆ ಕೂತು ಬೀಳಗಿ ದಾಟಿ ಹೋದೆ. ನಾನು ನೀರು ನೋಡಿ ಕಣ್ಣೀರು ಹಾಕುವ ಪೈಕಿಯವಳಲ್ಲ. ಮುಳುಗಡೆಯ ಮೇಲಿನ ಭಾಷಣಗಳನ್ನು ಕೇಳಿ ಕೇಳಿ ಬೆಳೆದವಳು. ಅಂಥ ಭಾಷಣಕ್ಕೆ ಪರ ವಿರೋಧ ಎರಡನ್ನೂ ನಾನೇ ಬರೆದುಕೊಡುತ್ತಿದ್ದೆ. ಆದರೆ ಅಲ್ಲಿ ನೋಡಿದ್ದು ಭಾಷಣದಲ್ಲಿ ಬರುವಂಥದ್ದಲ್ಲ. ಡಾಂಬರು ರಸ್ತೆಯೊಂದು ಸೀದಾ ನೀರಿನೊಳಗೆ ಇಳಿದುಹೋಗಿತ್ತು. ನೀರಿನ ಅಂಚಿನ ಮೇಲ್ಭಾಗದಲ್ಲಿ, ಮುಳುಗದೆ ಉಳಿದ ಹೊಲಗಳಲ್ಲಿ, ಉದ್ದಕ್ಕೂ ಕಬ್ಬು. ಎಲ್ಲದರ ತುದಿಯಲ್ಲೂ ಬಿಳಿ ಹೂ. ಫೋಟೋ ತೆಗೆಯುವವರಿಗೆ ಚಂದ ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕಾಶವ್ವ ಹೊಲದಲ್ಲೇ ಇದ್ದಳು. ನನ್ನನ್ನು ನೋಡಿ, "ಬಂದ್ಯಾ ವಕೀಲಮ್ಮ" ಅಂದಳು.

ನಾನು ತಪ್ಪು ಒಪ್ಪಿಕೊಳ್ಳುವ ಬದಲು ಮತ್ತೆ ಪ್ರಶ್ನೆಯನ್ನೇ ಕೇಳಿದೆ. ಚಟ. "ಕೇಂದ್ರದ ಹೆಸರು ಹೇಳಿದ್ರ ಏನ್ ಆಗತಿತ್ರಿ? ಸರಕಾರಿ ಪಟ್ಟ್ಯಾಗ ಅದಾವಲ್ಲ ಅವು?"

ಅವಳು ಉದುರಿದ ಕಬ್ಬಿನ ಗರಿಗಳ ರವದಿಯ ಮೇಲೆ ಕೂತು, ನನಗೂ ಕೂರಲು ಹೇಳಿದಳು.

"ನನ್ನ ಖಾಸ ತಂಗಿ, ನನ್ನ ಬಾಜೂ ಮನ್ಯಾಗ ಇದ್ದಾಕಿ. ಗ್ವಾಡಿಗೆ ಗ್ವಾಡಿ ಹತ್ತಿ ಮನಿ. ಅಕಿನ್ನ ಒಂದ ಕೇಂದ್ರಕ್ಕ ಹಾಕಿದ್ರು, ನನ್ನ ಒಂದ ಕೇಂದ್ರಕ್ಕ. ಅಕಿ ಮನಿಗೆ ಹೋಗಬೇಕಂದ್ರ ಎರಡ ಬಸ್ ಬದಲಿ ಮಾಡ್ತೇನಿ ಈಗ. ಕೇಂದ್ರದ ಹೆಸರು ಹೇಳಿದ್ರ ಅಕಿ ಬ್ಯಾರೆ ಊರಾಕಿ. ಹೊಳಿ ಓಣಿ ಅಂದ್ರ ಇನ್ನೂ ಬಾಜೂ ಮನಿಯಾಕಿ. ತಿಳೀತೇನು?"

ತಿಳಿಯಿತು. ಮೂರು ದಿಕ್ಕಿಗೆ ಹೋದವರು ಬಸ್ಸು ಹತ್ತಿ ಬಂದು ಸೇರುತ್ತಿದ್ದದ್ದು ಈ ಹೊಲಗಳಲ್ಲಿ. ಮನೆಗಳು ಬೇರೆಯಾಗಿದ್ದವು, ಹೊಲದ ಬದುಗಳು ಹಾಗೇ ಇದ್ದವು. ಹಂಗಾಮು ಮುಗಿಯಲು ಇನ್ನು ಮೂರು ವಾರ. ಅಷ್ಟರೊಳಗೆ ಕಡಿಯದಿದ್ದರೆ ಕಾರ್ಖಾನೆ ನಿಲ್ಲುತ್ತದೆ, ನಿಂತ ಕಬ್ಬಿಗೆ ಹೊಲದಲ್ಲೇ ಬೆಂಕಿ ಇಡಬೇಕು.

ಮರಳಿ ಬಂದು ಹೊಸ ಚಾರ್ಟ್ ಮಾಡಿದೆ. ಐದು ಓಣಿಗಳನ್ನು ಒಂದೇ ಗುಂಪು ಮಾಡಿ ಸಂಕಬಾಳ ಎಂದು ಹೆಸರಿಟ್ಟೆ. ಎಲ್ಲೂ ಇಲ್ಲದ ಊರು ಎದ್ದು ಮೂರನೆಯ ಅತಿ ಎತ್ತರದ ಕಂಬವಾಗಿ ನಿಂತಿತು. ಬುಡದಿಂದ ತುದಿಯವರೆಗೆ ಕೆಂಪು.

ಕೇನ್ ಸಾಹೇಬರು ಬಂದು ಆ ಕಂಬದ ಮೇಲೆ ಬೆರಳಿಟ್ಟರು.

"ಈ ಕೆಂಪು ಕಂಬ ಎಲ್ಲಿಂದ ತಂದ್ರಿ?"

"'ಇತರೆ' ಒಳಗಿಂದ್ರಿ."

"ಅದು ಒಳಗಿದ್ದಾಗ ಯಾರಿಗೂ ತ್ರಾಸ ಇರಲಿಲ್ಲಲ್ರಿ."

ಆ ಮಾತಿನ ಧಾಟಿ ಕೇಳಿದ ಕೂಡಲೇ ಗೊತ್ತಾಯಿತು. "ನಿಮಗ ಮೊದಲ ಗೊತ್ತಿತ್ತೇನ್ರಿ?"

"ಮೇಡಮ್, ನೀವು ಹೊಸಬರು. ಅಷ್ಟು ದೂರ ಗ್ಯಾಂಗ್ ಕಳಸಿದ್ರ ಟ್ರ್ಯಾಕ್ಟರ್ ದಿನಕ್ಕ ಒಂದ ಖೇಪು ಬರ್ತೈತಿ. ಹತ್ರದ್ದು ಕಡದ್ರ ಮೂರು. ಗಾಣ ಖಾಲಿ ತಿರಗಬಾರದು. ಅಷ್ಟ."

ಅವರು ಎಲ್ಲಿಯೂ ಸುಳ್ಳು ಹೇಳಿರಲಿಲ್ಲ, ಗಮನಿಸಿ. ಯಾವ ಕಡತವನ್ನೂ ತಿದ್ದಿರಲಿಲ್ಲ. ಹತ್ತು ಕಂಬ ನೋಡಿ ಕಣ್ಣಿಗೆ ತಂಪಾಯಿತು ಎಂದಿದ್ದರು, ಅಷ್ಟೇ. ಉಳಿದದ್ದನ್ನು ನನ್ನ ಜಾಣತನ ಮಾಡಿಕೊಟ್ಟಿತ್ತು. ಈ ಚಾರ್ಟನ್ನು ಸೋಮವಾರ ಹಾಕಬೇಡಿ ಎಂದರು. ಹಾಕಿದೆ.

ಸೋಮವಾರದ ಸಭೆಗೆ ಎಂ.ಡಿ. ಬರುತ್ತಿದ್ದರು. ಕೆಂಪು ಕಂಬದ ಮೇಲೆ ಅವರ ಕಣ್ಣು ಬಿತ್ತು. ಇದು ಯಾವ ತಾಲೂಕು ಎಂದರು. ಬೀಳಗಿ ಎಂದೆ. ಊರಿನ ಕೋಡ್ ನಂಬರ್ ಎಷ್ಟು ಎಂದರು. ಇಲ್ಲ ಎಂದೆ. ಕೋಡ್ ಇಲ್ಲದ ಊರಿಗೆ ಗ್ಯಾಂಗಿನ ಆದೇಶ ಪ್ರಿಂಟ್ ಆಗುವುದಿಲ್ಲ ಎಂದು ಕೇನ್ ಸಾಹೇಬರು ಮೆತ್ತಗೆ ಹೇಳಿದರು. ಅದು ನಿಜವಾಗಿತ್ತು. ಅಲ್ಲಿಂದಲೇ ಪುಣೆಗೆ ಫೋನ್ ಮಾಡಿದೆ. ಊರಿನ ಪಟ್ಟಿ ಬದಲಿಸುವುದು ಹಂಗಾಮು ಮುಗಿದ ಮೇಲೆ ಎಂದರು.

ಎಂ.ಡಿ. ಕೆಟ್ಟ ಮನುಷ್ಯರಾಗಿರಲಿಲ್ಲ. ಅವಸರದ ಮನುಷ್ಯ. "ಕೋಡ್ ಇದ್ದ ಯಾವುದರೆ ಊರಿನ ಕೆಳಗ ಸೇರಿಸ್ರಿ. ಅವ್ರು ಹೂಂ ಅಂದ್ರ ನಾಳೆನ ಗ್ಯಾಂಗ್ ಕಳಸ್ತೇವಿ. ಬ್ಯಾಡ ಅಂದ್ರ ಅವರ ಖುಷಿ" ಎಂದು ಎದ್ದರು.

ಮೂರು ಕೇಂದ್ರಗಳಿಗೂ ಕೋಡ್ ಇತ್ತು. ಆದರೆ ಮೂರಾಗಿ ಒಡೆದರೆ ಮೂರೂ ಸಣ್ಣವಾಗಿ ಮತ್ತೆ ಹನ್ನೊಂದನೆಯ ಕಂಬಕ್ಕೆ ಬೀಳುತ್ತಿದ್ದವು, ಮತ್ತೆ ಹಸಿರು. ಎಲ್ಲವನ್ನೂ ಒಂದೇ ಕಡೆ ಹಾಕಲು ಇದ್ದದ್ದು ಒಂದೇ ದಾರಿ: ಮೊದಲೇ ಹತ್ತು ಕಂಬಗಳಲ್ಲಿ ಒಂದಾಗಿದ್ದ ಬೆಣ್ಣಿನಾಳ. ಒಂದು ಕೇಂದ್ರವನ್ನು ಕಟ್ಟಿದ್ದು ಆ ಊರಿನ ಪಕ್ಕದ ಜಾಗದಲ್ಲಿ. ಬೆಣ್ಣಿನಾಳದವರು ಸಂಕಬಾಳದವರನ್ನು ಇವತ್ತಿಗೂ 'ನೀರಾಗಿನವರು' ಎಂದೇ ಕರೆಯುತ್ತಿದ್ದರು. ನಲ್ಲಿಯ ಸರದಿಯಲ್ಲಿ, ಸಾಲೆಯ ಬೆಂಚಿನ ಮೇಲೆ, ಎಲ್ಲ ಕಡೆ.

ಇದನ್ನು ಕೇಳುವ ಕೆಲಸವನ್ನು ನನಗೇ ಬಿಟ್ಟರು. ಹೇಳಿ ಕಳಿಸಿದೆ. ಓಣಿಗೆ ಒಬ್ಬರಂತೆ ಐದು ಜನ ಬಂದು ಕಚೇರಿಯ ವರಾಂಡದಲ್ಲಿ ಕೂತರು. ಎಲ್ಲ ವಿವರಿಸಿದೆ. ಬೆಣ್ಣಿನಾಳ ಎಂಬ ಹೆಸರು ಬಂದ ಕೂಡಲೇ ಅಗಸಿ ಓಣಿಯ ಪರಸಪ್ಪ ಎದ್ದು ನಿಂತ. ಅರವತ್ತರ ಮನುಷ್ಯ, ದನಿ ಎತ್ತಲಿಲ್ಲ.

"ನೀರ ಬಂದಾಗ ಮನಿ ಬಿಟ್ಟೆ. ಹೊಲ ಅರ್ಧ ಬಿಟ್ಟೆ. ಹೆಸರ ಬಿಡು ಅಂತ ಸರಕಾರನೂ ಅಂದಿದ್ದಿಲ್ಲ ನನಗ. ನನ್ನ ಕಬ್ಬು ಒಣಗಲಿ."

ಕಾಶವ್ವ ಕೂತಲ್ಲಿಂದಲೇ ಹೇಳಿದಳು. "ಪರಸಣ್ಣಾ, ಹೆಸರಿಗೆ ನಾ ಒಂದ ಕೊಡ ನೀರ ಹಾಕಿಲ್ಲ. ಕಬ್ಬಿಗೆ ಹದಿನೈದು ತಿಂಗಳು ಹಾಯಿಸೇನಿ."

"ನೀ ಬರಸು. ನಾ ಬ್ಯಾಡ ಅನ್ನೂದಿಲ್ಲ."

"ಒಬ್ಬಾಂವ ನಿಂತ ಏನ್ ಮಾಡ್ತಿ?"

"ನಿಲ್ತೇನಿ."

ನನಗೆ ಇಬ್ಬರ ಪರವಾಗಿಯೂ ಐದೈದು ನಿಮಿಷ ಮಾತಾಡಲು ಬರುತ್ತಿತ್ತು. ಉಳಿದ ಮೂವರು ಕಾಶವ್ವನ ಕಡೆ ನೋಡಿದರು. ಅವಳು ನನ್ನ ಕಡೆ ತಿರುಗಿ, "ಬರಕೋ" ಅಂದಳು.

"ಹಂಗಾಮು ಮುಗಿದ ಮ್ಯಾಲ ನಾನ ಬದಲಿ ಮಾಡಸ್ತೇನ್ರಿ. ಖರೆ."

"ಆವಾಗ ಇಲ್ಲಿ ನೀ ಇರ್ತೀಯೇನು?"

ಒಳಗೆ ಹೋಗಿ ಟೈಪ್ ಮಾಡಿದೆ. ಐದು ಓಣಿಗಳ ಸಾಲುಗಳನ್ನು ಆಯ್ದು, ಪರಸಪ್ಪನ ಒಂದು ಸಾಲು ಬಿಟ್ಟು, ಮಿಕ್ಕ ಎಲ್ಲದರ ಊರನ್ನೂ ಬೆಣ್ಣಿನಾಳ ಮಾಡಿದೆ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆ ಊರು ಮುಳುಗುವಾಗ ನೋಟಿಸು ಕೊಟ್ಟು, ಸರ್ವೆ ಮಾಡಿ, ವರ್ಷಗಟ್ಟಲೆ ತೆಗೆದುಕೊಂಡಿದ್ದರಂತೆ.

ಮೂರನೆಯ ದಿನ ಗ್ಯಾಂಗ್ ಹೋಯಿತು. ಎರಡು ವಾರ ಕಡಿದರು. ಬೆಂಡು ಬಿದ್ದ ಕಬ್ಬು, ಟ್ರ್ಯಾಕ್ಟರ್ ತುಂಬಿದರೂ ಕಾಟಾದ ಮೇಲೆ ಹಗುರ ತೂಗುತ್ತಿತ್ತು. ಆದರೂ ಹೊಲದಲ್ಲಿ ಸುಡಲಿಲ್ಲ. ತೂಕದ ಚೀಟಿ ತೆಗೆದುಕೊಳ್ಳಲು ಅವರೆಲ್ಲ ಒಂದೇ ದಿನ ಬಂದರು. ಕಾಶವ್ವ ಚೀಟಿ ಹಿಡಿದು ನನ್ನ ಟೇಬಲ್ಲಿಗೆ ಬಂದಳು.

"ಓದು."

ಹೆಸರು ಓದಿದೆ, ತೂಕ ಓದಿದೆ. ನಿಂತೆ.

"ಊರು ಓದವ್ವ."

"ಬೆಣ್ಣಿನಾಳ."

ಅವಳು ಚೀಟಿಯನ್ನು ಮಗುಚಿ ಇಟ್ಟಳು. "ಹಿಂದ ಜಾಗಾ ಐತಲ್ಲ. ಬರಿ. ಹೊಳಿ ಓಣಿ, ಸಂಕಬಾಳ."

"ಹಿಂದ ಬರದಿದ್ದು ಕಂಪ್ಯೂಟರಿಗೆ ಹೋಗೂದಿಲ್ರಿ."

"ಕಂಪ್ಯೂಟರಿಗೆ ಬರಿ ಅಂತ ಯಾರ ಅಂದಾರ ನಿನಗ?"

ಬರೆದೆ. ಅವಳ ಹಿಂದಿನವಳು ತನ್ನ ಚೀಟಿ ಮಗುಚಿ ಮುಂದೆ ಚಾಚಿದಳು. ಅವಳ ಹಿಂದೆ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಬಾಗಿಲವರೆಗೆ ಸಾಲು. ಗುಮಾಸ್ತರು ಈ ಸಲ ನಗಲಿಲ್ಲ, ಒಬ್ಬ ಎದ್ದು ಬಂದು ನನ್ನ ಪಕ್ಕ ಕೂತು ಅರ್ಧ ಸಾಲನ್ನು ತನ್ನ ಕಡೆ ಕರೆದ. ಕೇನ್ ಸಾಹೇಬರು ಒಳಗೆ ಬಂದು, ಏನ್ ನಡಸೀರಿ ಇದು ಎಂದು ಕೇಳಿದರು.

"ಈಕಿ ನಮ್ಮನ್ನೆಲ್ಲಾ ಕೂಡಿಸಿ ಇಟ್ಟಿದ್ಲಲ್ರಿ ಸಾಹೇಬ್ರ," ಕಾಶವ್ವ ಅಂದಳು, "ಈಗ ಬಿಡಸಾಕತ್ತಾಳ. ಕುಂದರ್ರಿ, ನಿಮ್ಮದೂ ಯಾವುದರೆ ಓಣಿ ಇದ್ರ ಬರಸಕೋರಿ."

ಅವರು ಕೂರಲಿಲ್ಲ. ಪರಸಪ್ಪ ಅವತ್ತು ಬಂದಿರಲಿಲ್ಲ. ಬರಲು ಅವನ ಹತ್ತಿರ ಚೀಟಿಯೇ ಇರಲಿಲ್ಲ. ಅವನ ಹೊಲಕ್ಕೆ ಬೆಂಕಿ ಬಿದ್ದದ್ದನ್ನು ಮಲ್ಲಪ್ಪ ಆಮೇಲೆ ಹೇಳಿದ. ಸುತ್ತಲಿನ ಹೊಲದವರೆಲ್ಲ ಹಸಿ ಟೊಂಗೆ ಹಿಡಿದು, ಬೆಂಕಿ ಬದು ದಾಟದಂತೆ ನಿಂತಿದ್ದರಂತೆ. ಹಚ್ಚಿದವನು ಅವನೇ.

ಹಂಗಾಮಿನ ಕೊನೆಯ ದಿನ ಬೋರ್ಡಿನವರಿಗೆ ತೋರಿಸುವ ಚಾರ್ಟ್ ಸಿದ್ಧವಾಗಿತ್ತು. ಬೆಣ್ಣಿನಾಳ ಎಲ್ಲಕ್ಕಿಂತ ಎತ್ತರ, ಹಸಿರು. ಹತ್ತೂ ಊರು ಹಸಿರು. 'ಇತರೆ' ಮಾತ್ರ ಕೂದಲೆಳೆಯಷ್ಟು ಕಡಿಮೆ ಬಿದ್ದು ಹಳದಿಯಾಗಿತ್ತು. ಯಾಕೆ ಎಂದು ಕೇನ್ ಸಾಹೇಬರು ಕೇಳಿದರು. ತೆರೆದು ತೋರಿಸಿದೆ. ಕಡಿಯದೆ ಉಳಿದದ್ದು ಒಂದೇ ಸಾಲು: ಪರಸಪ್ಪ, ಅಗಸಿ ಓಣಿ, ಕಟಾವು ಸೊನ್ನೆ. ಆ ಕಾರ್ಖಾನೆಯ ಇಡೀ ಲೆಕ್ಕದಲ್ಲಿ ಸಂಕಬಾಳದ್ದು ಸಂಕಬಾಳದ್ದಾಗಿಯೇ ಉಳಿದಿದ್ದ ಸಾಲು ಅದೊಂದೇ.

"ಅದೊಂದು ತಗದ ಬಿಡ್ರಿ ಮೇಡಮ್. ಹೊಲ ಸುಟ್ಟೇತಿ, ಕಬ್ಬೂ ಇಲ್ಲ ಈಗ. ನೂರಕ್ಕ ನೂರು ಆಕ್ಕೈತಿ."

ತೆಗೆಯುವುದಿಲ್ಲ ಎಂದೆ.

ಯಾಕೆ ಎಂದು ಅವರು ಕೇಳಿದ್ದರೆ ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಕೇಳಲಿಲ್ಲ. ನನ್ನನ್ನು ಕುರ್ಚಿಯಿಂದ ಏಳಲು ಹೇಳಿದರು. ಕಂಪ್ಯೂಟರ್ ನನಗೆ ಬರುವುದಿಲ್ಲ, ಎಲ್ಲ ಮೇಡಮ್ಮರೇ ಎಂದು ಹಂಗಾಮಿಡೀ ಹೇಳುತ್ತ ಬಂದಿದ್ದವರು ಕೂತು, ಕನ್ನಡಕ ಸರಿಮಾಡಿಕೊಂಡು, ಆ ಸಾಲನ್ನು ಸರಿಯಾಗಿ ಆಯ್ದು, ಸರಿಯಾದ ಬಟನ್ ಒತ್ತಿದರು. ಗೋಡೆಯ ಮೇಲೆ ಹನ್ನೊಂದನೆಯ ಕಂಬವೂ ಹಸಿರಾಯಿತು. ಅವರು ಎದ್ದು, ಚಹಾ ಹೇಳ್ರಿ ಎಂದು ಹೊರಗೆ ಹೋದರು.